ಅಪ್ಪ ಹೋದಾಗ ಬಾರದ ಅಳು, ನಾಯಿಯ ಚಿತ್ರ ಬರೆಯುವಾಗ ಯಾಕೆ ಬರುತ್ತದೆ?

ಪ್ರಶ್ನೆ (ಉದ್ದದ ಪತ್ರದಿಂದ ಆಯ್ದದ್ದು): ನನಗೆ 43 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯವಳು. ಬೆಂಗಳೂರಿನ ಕೆಲಸ ಬಿಟ್ಟು ಬಂದು ಅಮ್ಮನ ಜೊತೆ ತೋಟ ನೋಡಿಕೊಳ್ಳುತ್ತಿದ್ದೇನೆ. ಅಪ್ಪ ಹೋದ ಕಾರ್ತಿಕದಲ್ಲಿ, ಅಡಿಕೆ ಕೊಯ್ಲು ನಡೆಯುತ್ತಿದ್ದಾಗ ತೀರಿಕೊಂಡರು. ಅವರ ಹಿಂದೆ ಮುಂದೆ ಓಡಾಡಿಕೊಂಡಿದ್ದ ನಾಯಿ ಕೆಂಚ, ಅದಾಗಿ ಐದು ತಿಂಗಳಿಗೆ ಊಟ ಬಿಟ್ಟು ಸತ್ತುಹೋಯಿತು. ಅಪ್ಪ ಹೋದಾಗ ನನಗೆ ಅಳುವೇ ಬರಲಿಲ್ಲ. ಈಗ ಕೆಂಚನ ಚಿತ್ರ ಬರೆಯಲು ಕೂತರೆ ಕಣ್ಣೀರು ನಿಲ್ಲುವುದಿಲ್ಲ. ಎಷ್ಟು ಸಲ ಬರೆದರೂ ಅದರ ಕಣ್ಣು ನನ್ನನ್ನು ಬೈಯುವ ಹಾಗೆ ಕಾಣುತ್ತದೆ. ಬೇಗ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ ಅನ್ನುವ ಕೊರಗು ಬೇರೆ. "ಅಪ್ಪನ ವರ್ಷಾಂತಿಕ ಇನ್ನೂ ಆಗಿಲ್ಲ, ನೀನು ನಾಯಿಗೆ ಅಳ್ತಾ ಕೂತಿದೀಯ" ಅಂತ ಚಿಕ್ಕಮ್ಮ ಬೈದರು. ನಾನು ಮಾಡುತ್ತಿರುವುದು ಸರಿಯಾ? ಕಣ್ಣು ಬರೆಯುವುದು ಹೇಗೆ? ಪಕ್ಕದ ಮನೆಯವರು ತಮ್ಮ ಸತ್ತ ನಾಯಿಯ ಚಿತ್ರ ಬರೆದುಕೊಡು, ದುಡ್ಡು ಕೊಡ್ತೀವಿ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದಾ? ನನ್ನ ಚಿತ್ರಗಳನ್ನೂ ಕೆಂಚನ ಎರಡು ಫೋಟೋಗಳನ್ನೂ ಕಳಿಸಿದ್ದೇನೆ.

ಉತ್ತರ: ನಾನು ಮೊದಲು ಡ್ರಾಯಿಂಗ್ ಮೇಷ್ಟ್ರು. ಆಪ್ತಸಮಾಲೋಚನೆ ಕಲಿತದ್ದು ಆಮೇಲೆ. ಹಾಗಾಗಿ ಉತ್ತರವೂ ಅದೇ ಕ್ರಮದಲ್ಲಿ ಬರುತ್ತದೆ. ಮೊದಲು ಕಣ್ಣು.

ನಿಮ್ಮ ಚಿತ್ರಗಳಲ್ಲಿ ಕೆಂಚ ಬೈಯುತ್ತಿಲ್ಲ. ಬೈದ ಹಾಗೆ ಕಾಣುವುದಕ್ಕೆ ಕಾರಣ, ಕರಿಗುಡ್ಡೆಯ ಕೆಳಗೆ ನೀವು ಬಿಟ್ಟಿರುವ ಬಿಳಿ. ಮನುಷ್ಯರ ಕಣ್ಣಲ್ಲಿ ಗುಡ್ಡೆಯ ಆಚೀಚೆ ಬಿಳಿ ಯಾವಾಗಲೂ ಕಾಣುತ್ತದೆ. ಆರಾಮಾಗಿ ಕೂತ ನಾಯಿಯ ಕಣ್ಣಲ್ಲಿ ಅದು ಕಾಣುವುದೇ ಕಡಿಮೆ. ಮೇಲಿನ ರೆಪ್ಪೆಯಿಂದ ಕೆಳಗಿನ ರೆಪ್ಪೆವರೆಗೂ ಕಂದು ಬಣ್ಣವೇ ತುಂಬಿಕೊಂಡಿರುತ್ತದೆ. ನಾಯಿಯ ಕಣ್ಣಲ್ಲಿ ಬಿಳಿ ಎದ್ದು ಕಂಡರೆ ಅದು ಹೆದರಿದೆ, ಇಲ್ಲವೇ ತಲೆ ತಿರುಗಿಸದೆ ಎಲ್ಲಿಗೋ ನೋಡುತ್ತಿದೆ ಅಂತ. ನಾವು ಚಿತ್ರ ಬರೆಯುವವರು ಅಭ್ಯಾಸಬಲದಿಂದ ನಾಯಿಗೂ ಮನುಷ್ಯರ ಕಣ್ಣನ್ನೇ ಇಟ್ಟುಬಿಡುತ್ತೇವೆ. ಮೇಲೆ ಒಂದು ಹುಬ್ಬಿನ ಗೆರೆ ಬೇರೆ. ನಿಮ್ಮ ಮೂರನೇ ಚಿತ್ರದಲ್ಲಂತೂ ಹುಬ್ಬು ಗಂಟಿಕ್ಕಿದೆ. ಅಂಥ ಮುಖ ಯಾರನ್ನಾದರೂ ಬೈಯಲೇಬೇಕು!

ಆ ಬಿಳಿ ಎಲ್ಲಿಂದ ಬಂತು ಅನ್ನುವುದೂ ಗೊತ್ತಾಗುತ್ತದೆ. ನಿಮ್ಮ ಮೊದಲ ಫೋಟೋ ನಿಂತುಕೊಂಡು ತೆಗೆದದ್ದು. ಫೋನು ಮೇಲಿದೆ, ನಾಯಿ ಕೆಳಗಿದೆ. ಅದು ತಲೆಯನ್ನು ಅಷ್ಟಾಗಿ ಎತ್ತದೆ ಕಣ್ಣು ಮಾತ್ರ ಮೇಲೆತ್ತಿದೆ. ಆಗ ಗುಡ್ಡೆ ಮೇಲೆ ಸರಿದು ಕೆಳಗಡೆ ಬಿಳಿ ಇಣುಕುತ್ತದೆ. ನಾವು ಅದನ್ನು ಬೇಡಿಕೊಳ್ಳುತ್ತಿದೆ, ಕೇಳುತ್ತಿದೆ, ದೂರುತ್ತಿದೆ ಅಂತ ಓದಿಕೊಳ್ಳುತ್ತೇವೆ. ನನ್ನ ಅಂದಾಜಿನಲ್ಲಿ ಆ ಹೊತ್ತಿಗೆ ಕೆಂಚ ಕೇಳುತ್ತಿದ್ದದ್ದು ನಿಮ್ಮ ಇನ್ನೊಂದು ಕೈಯಲ್ಲಿದ್ದ ಬಿಸ್ಕತ್ತನ್ನು. ಅದರ ನೆರಳು ಫೋಟೋದ ಮೂಲೆಯಲ್ಲಿ ಬಿದ್ದಿದೆ, ನೋಡಿ.

ಇನ್ನೊಂದು ತೊಂದರೆಯೂ ಆ ಫೋಟೋದಲ್ಲಿದೆ. ಫೋನ್ ಕ್ಯಾಮೆರಾ ಹತ್ತಿರ ಹಿಡಿದರೆ ಹತ್ತಿರದ್ದನ್ನು ದೊಡ್ಡದು ಮಾಡಿ ದೂರದ್ದನ್ನು ಚಿಕ್ಕದು ಮಾಡುತ್ತದೆ. ಮೂತಿ ಉಬ್ಬುತ್ತದೆ, ಕಿವಿ ಕುಗ್ಗುತ್ತದೆ. ನೀವು ಅದನ್ನು ಅಚ್ಚುಕಟ್ಟಾಗಿ ನಕಲು ಮಾಡಿದ್ದೀರಿ. ಹಾಗಾಗಿಯೇ "ಎಲ್ಲಾ ಸರಿ ಇದೆ, ಆದರೂ ಕೆಂಚ ಅಲ್ಲ" ಅಂತ ನಿಮಗೆ ಅನ್ನಿಸಿರುವುದು. ಆ ಫೋಟೋ ಬಿಡಿ. ಎರಡನೆಯದನ್ನು ತೆಗೆದುಕೊಳ್ಳಿ. ಅಂಗಳದಿಂದ ಯಾರೋ ಕೂತು ತೆಗೆದದ್ದು. ಅಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಾರೆ, ಕೆಂಚ ಅವರ ಮೊಣಕಾಲಿಗೆ ಒರಗಿದೆ, ಕ್ಯಾಮೆರಾ ನಾಯಿಯ ಕಣ್ಣಿನ ಎತ್ತರಕ್ಕೇ ಇದೆ. ಬೆಳಕು ಎಡಗಡೆಯಿಂದ ಬಂದಿದೆ. ಇದಕ್ಕಿಂತ ಒಳ್ಳೆಯ ಫೋಟೋ ಸಿಗುವುದು ಕಷ್ಟ. ಆ ಫೋಟೋದಲ್ಲಿ ಇನ್ನೊಂದು ಸಂಗತಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಬರೆಯುವ ಕ್ರಮ. ನೀವು ಕಣ್ಣಿನಿಂದ ಶುರು ಮಾಡುತ್ತಿದ್ದೀರಿ. ಕಣ್ಣು ಕೊನೆಗೆ ಬರಲಿ. ನಮ್ಮ ನಾಯಿಯನ್ನು ನಾವು ದೂರದಿಂದ, ಸಂಜೆಗತ್ತಲಲ್ಲಿ, ತೋಟದ ಆ ತುದಿಯಲ್ಲಿ ಕಂಡರೂ ಗುರುತಿಸುತ್ತೇವೆ ಅಲ್ವಾ? ಆಗ ಕಣ್ಣು ಎಲ್ಲಿ ಕಾಣುತ್ತದೆ? ಕಿವಿ ನಿಂತ ರೀತಿ, ಕತ್ತು ಬೆನ್ನಿಗೆ ಸೇರುವ ಗೆರೆ, ತೂಕ ಯಾವ ಕಾಲಿನ ಮೇಲಿದೆ ಅನ್ನುವುದು, ಇಷ್ಟರಲ್ಲೇ ಗುರುತು ಮುಗಿದುಹೋಗುತ್ತದೆ. ಕೆಂಚನ ಎಡಗಿವಿಯ ತುದಿ ಮಡಚಿದೆ. ಎದೆ ಮೇಲೆ ಬಿಳಿ ಇದೆ. ಒರಗಿ ಕೂರುವಾಗ ಬಲ ಭುಜ ಎಡಕ್ಕಿಂತ ತಗ್ಗುತ್ತದೆ. ಮೊದಲು ಇದ್ದಿಲಲ್ಲಿ, ಮುಖದೊಳಗೆ ಏನನ್ನೂ ಬರೆಯದೆ, ಈ ಹೊರಗೆರೆ ಮಾತ್ರ ಬರೆಯಿರಿ. ಅಮ್ಮನಿಗೆ ತೋರಿಸಿ. ಅವರು ಕಣ್ಣು ಮೂಗು ಇಲ್ಲದ ಆ ಚಿತ್ರ ನೋಡಿ "ಕೆಂಚ" ಅಂದರೆ ಕೆಲಸದ ದೊಡ್ಡ ಭಾಗ ಮುಗಿಯಿತು. ಅನ್ನದಿದ್ದರೆ ಕಿವಿ ತಿದ್ದಿ. ಹೆಚ್ಚಿನ ಸಲ ತಪ್ಪು ಕಿವಿಯಲ್ಲೇ ಇರುತ್ತದೆ.

ಗೆರೆ ಹಿಡಿತಕ್ಕೆ ಬರದಿದ್ದರೆ ಫೋಟೋವನ್ನು ತಲೆಕೆಳಗು ಮಾಡಿ ಇಟ್ಟುಕೊಂಡು ಬರೆಯಿರಿ. ತಲೆಕೆಳಗಾದಾಗ ಅದು ಕೆಂಚ ಅನ್ನುವುದು ಮನಸ್ಸಿಗೆ ಮರೆತು, ಬರೀ ಆಕಾರಗಳು ಉಳಿಯುತ್ತವೆ. ಅಳು ಜಾಸ್ತಿ ಬರುವ ದಿನಗಳಿಗೂ ಇದು ಒಳ್ಳೆಯ ಉಪಾಯ.

ಆಮೇಲೆ ಕಣ್ಣು ಅರೆಮುಚ್ಚಿ ಫೋಟೋ ನೋಡಿ. ವಿವರಗಳು ಮಾಯವಾಗಿ ಕತ್ತಲು, ನಡುಬಣ್ಣ, ಬೆಳಕು ಅಂತ ಮೂರು ತುಂಡು ಉಳಿಯುತ್ತದೆ. ಆ ಮೂರನ್ನು ದೊಡ್ಡ ಕುಂಚದಲ್ಲಿ ಹಚ್ಚಿ. ಒಂದೊಂದೇ ಕೂದಲು ಬರೆಯಬೇಡಿ, ದಯವಿಟ್ಟು. ನಿಮ್ಮ ಐದನೇ ಚಿತ್ರದಲ್ಲಿ ಕೂದಲು ಎಣಿಸಬಹುದು, ನಾಯಿ ಮಾತ್ರ ಇಲ್ಲ. ಕೂದಲು ಯಾವ ಕಡೆ ಮಲಗಿದೆ ಅನ್ನುವುದನ್ನು ಗಮನಿಸಿದರೆ ಸಾಕು. ಮೂಗಿನಿಂದ ಹಣೆಗೆ ಏರುತ್ತದೆ, ಕೆನ್ನೆ ಮೇಲೆ ಹೊರಕ್ಕೆ ಹರಿಯುತ್ತದೆ, ಕತ್ತಿನಲ್ಲಿ ಕೆಳಗಿಳಿಯುತ್ತದೆ. ಕುಂಚವೂ ಅದೇ ದಾರಿಯಲ್ಲಿ ಹೋಗಲಿ. ನೆರಳು ಬೆಳಕು ಸೇರುವ ಅಂಚಿನಲ್ಲಿ ನಾಲ್ಕಾರು ಕೂದಲು ತೋರಿಸಿ. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಕೊನೆಗೆ ಕಣ್ಣು. ಮೊದಲು ಮಿಂಚುವ ಚುಕ್ಕೆಗೆ ಕಾಗದದ ಬಿಳಿಯನ್ನೇ ಬಿಡಿ. ಬೆಳಕು ಎಡದಿಂದ ಬಂದಿರುವುದರಿಂದ ಎರಡೂ ಕಣ್ಣಲ್ಲಿ ಚುಕ್ಕೆ ಎಡ ಮೇಲ್ಭಾಗದಲ್ಲೇ ಇರಬೇಕು. ನೀವು ಅಂದ ಅಂತ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟಿದ್ದೀರಿ. ಆಮೇಲೆ ಕಣ್ಣು ತುಂಬಾ ತಿಳಿ ಕಂದು. ಅದರ ಮೇಲಿನ ಅರ್ಧಕ್ಕೆ ಗಾಢ ಕಂದು, ಯಾಕೆಂದರೆ ಮೇಲಿನ ರೆಪ್ಪೆಯ ನೆರಳು ಅಲ್ಲಿ ಬೀಳುತ್ತದೆ. ಈ ನೆರಳು ಇಲ್ಲದಿದ್ದರೆ ಕಣ್ಣು ಗೋಲಿ ಅಂಟಿಸಿದಂತೆ ಕಾಣುತ್ತದೆ. ನಡುವೆ ಕಪ್ಪು. ಸುತ್ತ ರೆಪ್ಪೆಯ ಕಪ್ಪು ಅಂಚು, ಅದೂ ಎಲ್ಲ ಕಡೆ ಒಂದೇ ದಪ್ಪ ಇರಬಾರದು. ಅಷ್ಟೇ. ಫ್ಲ್ಯಾಶ್ ಹಾಕಿ ತೆಗೆದ ಫೋಟೋ ನೋಡಿ ಯಾವತ್ತೂ ಕಣ್ಣು ಬರೆಯಬೇಡಿ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ತಿರುಗಿಸುವ ಒಂದು ಪದರ ಇದೆ. ರಾತ್ರಿ ಕಣ್ಣು ಹಸಿರಾಗಿ ಹೊಳೆಯುವುದು ಅದರಿಂದ.

ಬಣ್ಣ. ಮಕ್ಕಳ ಡಬ್ಬಿಯ ಕಪ್ಪು ಟ್ಯೂಬನ್ನು ಎತ್ತಿಡಿ. ಅದು ಸತ್ತ ಕಪ್ಪು. ಮೂರೇ ಬಣ್ಣ ಸಾಕು: ಯೆಲ್ಲೋ ಓಕರ್, ಬರ್ಂಟ್ ಸಿಯೆನಾ, ಅಲ್ಟ್ರಾಮರೀನ್ ನೀಲಿ. ಬರ್ಂಟ್ ಸಿಯೆನಾಕ್ಕೆ ನೀಲಿ ಬೆರೆಸುತ್ತಾ ಹೋದರೆ ಕಂದು, ಬೂದು, ಕೊನೆಗೆ ಕಪ್ಪಿನ ಹತ್ತಿರ ಬರುತ್ತದೆ. ಅದರಲ್ಲಿ ಬೆಚ್ಚನೆಯ ಕಪ್ಪೂ ಉಂಟು, ತಣ್ಣನೆಯ ಕಪ್ಪೂ ಉಂಟು. ಮೂಗಿಗೆ, ರೆಪ್ಪೆಗೆ ಅದೇ ಬೇಕು. ಎದೆಯ ಬಿಳಿಯನ್ನು ಬಿಳಿ ಬಣ್ಣದಲ್ಲಿ ಬರೆಯಬೇಡಿ. ಕಾಗದ ಬಿಟ್ಟು, ನೆರಳಿಗೆ ತೆಳು ನೀಲಿಬೂದು ಹಚ್ಚಿ. ಮಲೆನಾಡಿನ ಅಂಗಳದಲ್ಲಿ ಬಿಳಿ ನಾಯಿಯ ಹೊಟ್ಟೆಯ ನೆರಳು ಸ್ವಲ್ಪ ಕೆಂಪಗೇ ಇರುತ್ತದೆ, ನೆಲದ ಬಣ್ಣ ಮೇಲೆ ಹೊಡೆಯುತ್ತದಲ್ಲ.

ಕೆಂಚನ ಮೈಬಣ್ಣಕ್ಕೆ ಅಂಗಡಿಯ ಟ್ಯೂಬೇ ಬೇಕೆಂದಿಲ್ಲ. ಓಕರ್, ಸಿಯೆನಾ ಅನ್ನುವ ಬಣ್ಣಗಳು ಮೂಲದಲ್ಲಿ ಕಬ್ಬಿಣದ ಅಂಶ ಇರುವ ಮಣ್ಣು. ನಮ್ಮ ಕೆಮ್ಮಣ್ಣಿನ ಕೆಂಪೂ ಕಬ್ಬಿಣದ್ದೇ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಹೆಂಗಸರು ಹಸೆ ಚಿತ್ತಾರ ಬರೆಯುವುದು ಇದೇ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ. ಬಿಳಿಗೆ ಅಕ್ಕಿ, ಕಪ್ಪಿಗೆ ಹುರಿದು ಕರಿದಾದ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ನೀವೂ ಮಾಡಿ ನೋಡಿ. ತೋಟದ ದರೆಯ ಕೆಮ್ಮಣ್ಣು ಒಂದು ಬೊಗಸೆ ತಂದು ನೀರಲ್ಲಿ ಚೆನ್ನಾಗಿ ಕದಡಿ. ಮರಳು ತಳಕ್ಕೆ ಇಳಿದ ಕೂಡಲೇ ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಇನ್ನೊಂದು ಪಾತ್ರೆಗೆ ಹಾಕಿ. ರಾತ್ರಿ ಕಳೆದರೆ ನುಣ್ಣನೆ ಮಣ್ಣು ಕೆಳಗೆ ಕೂತಿರುತ್ತದೆ. ಅದನ್ನು ಒಣಗಿಸಿ, ಗಮ್ ಅರೇಬಿಕ್ ಅಂಟಿನ ನೀರು, ಒಂದೆರಡು ಹನಿ ಜೇನು, ಬೂಷ್ಟು ಹಿಡಿಯದಂತೆ ಒಂದು ಹನಿ ಲವಂಗದ ಎಣ್ಣೆ ಸೇರಿಸಿ ಅರೆಯಿರಿ. ಒಳ್ಳೆಯ ಜಲವರ್ಣವೇ ಸಿಗುತ್ತದೆ. ಕೆಂಚನನ್ನು ಹೂತ ಜಾಗದಿಂದ ಮಾತ್ರ ಮಣ್ಣು ತರಬೇಡಿ. ಕೆಲವರಿಗೆ ಹಾಗೆ ಮಾಡಬೇಕು ಅನ್ನಿಸುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಅದನ್ನು ಅಲ್ಲೇ ಬಿಡೋಣ.

ಮಳೆಗಾಲದ ಬಗ್ಗೆ ಎರಡು ಮಾತು. ಕಾಗದಕ್ಕೆ ಥಂಡಿ ಹಿಡಿದರೆ ಅದರ ಮೇಲಿನ ಅಂಟಿನ ಲೇಪ ಹಾಳಾಗಿ ಬಣ್ಣ ಒಳಕ್ಕೆ ಇಂಗುತ್ತದೆ, ಕಲೆ ಕಲೆಯಾಗುತ್ತದೆ. ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಡ್ರೇಜ್ ಬೀರುವಿನಲ್ಲಿಡಿ. ಕೊಳ್ಳುವಾಗ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ) ಹತ್ತಿ ಕಾಗದ ಕೊಳ್ಳಿ, ಶಾಲೆಯ ಡ್ರಾಯಿಂಗ್ ಹಾಳೆ ನಿಮ್ಮ ನೀರಿಗೆ ತಡೆಯುವುದಿಲ್ಲ. ಇನ್ನು ಶ್ರಾವಣದ ಗಾಳಿಯಲ್ಲಿ ಬಣ್ಣ ಬೇಗ ಒಣಗುವುದಿಲ್ಲ ಅಂತ ನೀವು ಗೊಣಗಿದ್ದೀರಿ. ನಾಯಿಯ ಚಿತ್ರಕ್ಕೆ ಅದು ಲಾಭವೇ. ಒದ್ದೆಯ ಮೇಲೆ ಒದ್ದೆ ಹಚ್ಚಿ ಕತ್ತಿನ ಮೆತ್ತನೆಯ ತುಪ್ಪಟ ತರಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಏಪ್ರಿಲ್‌ನಲ್ಲಿ ಈ ಪುರುಸೊತ್ತು ಸಿಗದು.

ಇಷ್ಟು ಚಿತ್ರದ ಮಾತು. ಈಗ ಚಿಕ್ಕಮ್ಮನ ಮಾತಿಗೆ ಬರೋಣ.

ಅಪ್ಪ ಹೋದಾಗ ನಿಮಗೆ ಅಳು ಬರಲಿಲ್ಲ ಅಂದಿರಿ. ಆ ದಿನಗಳಲ್ಲಿ ನೀವು ಏನೇನು ಮಾಡಿದಿರಿ ಅಂತ ಪತ್ರದಲ್ಲೇ ಬರೆದಿದ್ದೀರಿ. ಹನ್ನೊಂದು, ಹನ್ನೆರಡು, ವೈಕುಂಠ ಸಮಾರಾಧನೆ. ಮನೆ ತುಂಬಾ ಜನ. ಮರದ ಮೇಲೆ ಹಣ್ಣಾಗುತ್ತಿದ್ದ ಅಡಿಕೆ. ಕೊಯ್ಲಿನವರಿಗೆ ತಿಂಡಿ, ಬೇಯಿಸುವ ಹಂಡೆಗೆ ಕಟ್ಟಿಗೆ. ಅಮ್ಮನ ಬಿಪಿ. ಆಮೇಲೆ ಪೌತಿ ಖಾತೆಗೆ ಓಡಾಟ, ಬ್ಯಾಂಕಿಗೆ ಓಡಾಟ. ಇದರಲ್ಲಿ ಅಳುವುದಕ್ಕೆ ಹೊತ್ತೆಲ್ಲಿತ್ತು? ಕೆಂಚ ಹೋದಾಗ ಯಾರೂ ಬರಲಿಲ್ಲ. ಹಲಸಿನ ಮರದ ಬುಡದಲ್ಲಿ ನೀವೇ ಗುಂಡಿ ತೋಡಿ ಹೂತಿರಿ. ಮಾರನೇ ದಿನ ಮಾಡುವುದಕ್ಕೆ ಏನೂ ಇರಲಿಲ್ಲ. ಕಾದು ಕೂತಿದ್ದ ಅಳು ಆಗ ಬಂತು. ಅದರಲ್ಲಿ ಕೆಂಚನ ಪಾಲು ಎಷ್ಟು, ಅಪ್ಪನ ಪಾಲು ಎಷ್ಟು ಅಂತ ತೂಗುವ ಅಗತ್ಯ ನಿಮಗಿಲ್ಲ, ಚಿಕ್ಕಮ್ಮನಿಗಂತೂ ಇಲ್ಲವೇ ಇಲ್ಲ.

ಸಾವಿನ ದುಃಖವನ್ನು ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಇಂಥ ದುಃಖದ ಬಗ್ಗೆ ಬರೆದರು. ಕಳೆದುಕೊಂಡದ್ದು ನಿಜ, ಆದರೆ ಸುತ್ತಲಿನವರು ಅದನ್ನು ದುಃಖ ಅಂತಲೇ ಒಪ್ಪುವುದಿಲ್ಲ. ರಜೆ ಇಲ್ಲ, ಸೂತಕ ಇಲ್ಲ, ಮಾತಾಡಿಸಲು ಬರುವವರಿಲ್ಲ. ಸಾಕಿದ ಪ್ರಾಣಿ ಸತ್ತಾಗ ಆಗುವುದು ಇದೇ. ಒಪ್ಪಿಗೆ ಸಿಗದ ದುಃಖ ಕಡಿಮೆಯೇನೂ ಆಗುವುದಿಲ್ಲ. ಒಬ್ಬರೇ ಹೊರಬೇಕಾಗುತ್ತದೆ, ಅಷ್ಟೇ.

"ನಾಯಿಗೆ ಇಷ್ಟೆಲ್ಲಾ ಮಾಡ್ತಾರಾ" ಅಂತ ಯಾರಾದರೂ ಕೇಳಿದರೆ ಅವರಿಗೆ ಆತಕೂರಿನ ಕಥೆ ಹೇಳಿ. ಆತಕೂರು ಮಂಡ್ಯ ಜಿಲ್ಲೆಯಲ್ಲಿದೆ. ಸುಮಾರು ಕ್ರಿ.ಶ. 949–50ರ ಶಾಸನ. ಗಂಗ ದೊರೆ ಇಮ್ಮಡಿ ಬೂತುಗನ ಮೆಚ್ಚಿನ ನಾಯಿಯ ಹೆಸರು ಕಾಳಿ. ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಅನ್ನುವವನಿಗೆ ಏನು ಬೇಕು ಅಂತ ಕೇಳಿದಾಗ ಅವನು ಆ ನಾಯಿಯನ್ನೇ ಕೇಳಿ ಪಡೆದ. ಆಮೇಲೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿತು. ಎರಡೂ ಸತ್ತವು. ಮಣಲೇರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ, ಅದಕ್ಕೆ ಭೂಮಿ ಬಿಡಿಸಿದ, ಪೂಜಾರಿ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಬಾರದು ಅಂತ ಬರೆಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರ ಕೆತ್ತಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಕ್ಕೂ ಹಿಂದೆ, ಯುದ್ಧ ಗೆದ್ದ ಗಂಡಸು ಒಂದು ನಾಯಿಯ ನೆನಪಿಗೆ ಇಷ್ಟು ಮಾಡಿದ್ದಾನೆ. ನೀವು ಒಂದು ಹಾಳೆ ಬಣ್ಣ ಹಚ್ಚಿದರೆ ಯಾರ ಗಂಟು ಹೋಯಿತು?

ಚಿತ್ರಕಲೆಯ ಕಣ್ಣಿಂದ ನೋಡಿದರೂ ಆ ಕಲ್ಲಿನಲ್ಲಿ ಕಲಿಯುವುದಿದೆ. ಅಲ್ಲಿ ಕಾಳಿಯ ಕಣ್ಣು ಹೇಗಿತ್ತು ಅಂತ ಶಿಲ್ಪಿ ತಲೆ ಕೆಡಿಸಿಕೊಂಡಿಲ್ಲ. ಮೈ ಹೇಗೆ ಮುನ್ನುಗ್ಗಿತು ಅನ್ನುವುದನ್ನು ಹಿಡಿದಿದ್ದಾನೆ. ಶಿವಮೊಗ್ಗಕ್ಕೆ ಹೋದಾಗ ಶಿವಪ್ಪ ನಾಯಕನ ಅರಮನೆಯ ಆವರಣದಲ್ಲಿ ಇಟ್ಟಿರುವ ವೀರಗಲ್ಲುಗಳನ್ನು ಒಮ್ಮೆ ನಿಧಾನವಾಗಿ ನೋಡಿ. ಮುಖ ಸವೆದುಹೋದ ಕಲ್ಲಿನಲ್ಲೂ ನಿಂತ ಭಂಗಿ ಉಳಿದಿರುತ್ತದೆ. ಸ್ಕೆಚ್ ಪುಸ್ತಕ ತೆಗೆದುಕೊಂಡು ಹೋಗಿ.

ಈಗ ಕೊರಗಿನ ವಿಷಯ. ಕೆಂಚ ಊಟ ಬಿಟ್ಟಾಗ ನೀವು ಮನೆಯವರೆಲ್ಲಾ "ಯಜಮಾನರು ಹೋದ ಬೇಸರ" ಅಂದುಕೊಂಡಿರಿ. ಆಮೇಲೆ ಪಶುವೈದ್ಯರು ಉಣುಗಿನ ಜ್ವರ ಅಂದರು. ನಮ್ಮ ಕಡೆ ನಾಯಿಗಳಿಗೆ ಇದು ಮಾಮೂಲಿ ಕಾಯಿಲೆ. ಉಣುಗು ಕಚ್ಚಿದಾಗ ಒಂದು ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ. ಜ್ವರ, ಸುಸ್ತು, ಊಟ ಬೇಡ ಅನ್ನುವುದು, ಒಸಡು ಬಿಳಚಿಕೊಳ್ಳುವುದು, ಕೆಲವು ಸಲ ಮೂಗಲ್ಲಿ ರಕ್ತ. ಕಷ್ಟ ಏನೆಂದರೆ ಇದು ಕಚ್ಚಿದ ಕೂಡಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ತಿಂಗಳುಗಟ್ಟಲೆ ಸದ್ದಿಲ್ಲದೆ ಒಳಗಿದ್ದು ಆಮೇಲೆ ಏಳಬಹುದು. ಇನ್ನೊಂದು ಕಡೆ, ದಿನಾ ಜೊತೆಗಿದ್ದವರು ಇಲ್ಲವಾದಾಗ ನಾಯಿ ಮಂಕಾಗುವುದು, ಊಟ ಕಡಿಮೆ ಮಾಡುವುದೂ ಉಂಟು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಡಾಕ್ಟರಿಗೂ ರಕ್ತಪರೀಕ್ಷೆ ಬೇಕಾಗುತ್ತದೆ. ಮನೆಯಲ್ಲಿ ಸಾವು ನಡೆದ ಮೇಲೆ ಯಾರೇ ಆದರೂ ಬೇಸರ ಅಂತಲೇ ತಿಳಿಯುತ್ತಿದ್ದರು. ಇವತ್ತು ಗೊತ್ತಿರುವುದನ್ನು ಇಟ್ಟುಕೊಂಡು ಏಪ್ರಿಲ್‌ನ ನಿಮ್ಮನ್ನು ಬೈಯುವುದು ನ್ಯಾಯ ಅಲ್ಲ. ಈ ಕೊರಗಿನಿಂದ ಏನಾದರೂ ಆಗಲೇಬೇಕು ಅನ್ನಿಸಿದರೆ, ಕೊಟ್ಟಿಗೆ ಹತ್ತಿರ ಮಲಗುವ ಇನ್ನೊಂದು ನಾಯಿ ಇದೆಯಲ್ಲ, ಅದಕ್ಕೆ ಉಣುಗಿನ ಔಷಧಿ ಹಾಕಿಸಿ.

ಫೋಟೋದಲ್ಲಿ ಇನ್ನೊಂದು ಸಂಗತಿ ಇದೆ ಅಂದೆನಲ್ಲ. ಎರಡನೇ ಫೋಟೋದಲ್ಲಿ ಅಪ್ಪನ ಕೈ ಕೆಂಚನ ಕತ್ತಿನ ಮೇಲಿದೆ. ಹೆಬ್ಬೆರಳು ಆ ಮಡಚಿದ ಕಿವಿಯ ಬುಡದಲ್ಲಿದೆ. ನೀವು ಆ ಫೋಟೋ ನೋಡಿ ಬರೆದ ಪ್ರತಿಯೊಂದು ಚಿತ್ರದಲ್ಲೂ ಕೈ ಇಲ್ಲ. ಒಂದರಲ್ಲಿ ಆ ಜಾಗದಲ್ಲಿ ಕೂದಲು ಬರೆದು ಮುಚ್ಚಿದ್ದೀರಿ, ಒಂದರಲ್ಲಿ ಹಾಳೆಯ ಅಂಚು ಅಲ್ಲಿಗೇ ಮುಗಿದಿದೆ. ಬಹುಶಃ ಗೊತ್ತಿಲ್ಲದೆ ಮಾಡಿದ್ದಿರಬಹುದು.

ಅದಕ್ಕೆ ಗಾಬರಿ ಬೇಡ. ಅಪ್ಪನ ಸಾವು ದೊಡ್ಡದು. ಅದಕ್ಕೆ ನೇರ ಮುಖ ಕೊಟ್ಟು ಕೂರಲು ಈಗ ಆಗುತ್ತಿಲ್ಲ. ನಾಯಿಯ ಮುಖ ಕೈಗೆಟಕುವಷ್ಟು ದೊಡ್ಡದು. ಅರ್ಧ ಹಾಳೆಯಲ್ಲಿ ಕೂರುತ್ತದೆ, ಒಂದು ಸಂಜೆಯಲ್ಲಿ ಸ್ವಲ್ಪ ಮುಂದೆ ಹೋಗುತ್ತದೆ. ಇದನ್ನು ನೀವು "ತಪ್ಪಿಸಿಕೊಳ್ಳುವುದು" ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಕುಟ್ 1999ರಲ್ಲಿ ಬರೆದ ಲೇಖನವೊಂದು ನಮ್ಮ ಕ್ಷೇತ್ರದಲ್ಲಿ ತುಂಬಾ ಬಳಕೆಯಲ್ಲಿದೆ. ದುಃಖದಲ್ಲಿರುವವರು ಸ್ವಲ್ಪ ಹೊತ್ತು ಕಳೆದುಕೊಂಡದ್ದರ ಕಡೆ ತಿರುಗುತ್ತಾರೆ, ಸ್ವಲ್ಪ ಹೊತ್ತು ಬದುಕಿನ ಕೆಲಸದ ಕಡೆ ತಿರುಗುತ್ತಾರೆ, ಈ ಓಲಾಟವೇ ಆರೋಗ್ಯಕರ ಅಂತ ಅವರು ಹೇಳುವುದು. ಒಂದೇ ಕಡೆ ಸಿಕ್ಕಿಹಾಕಿಕೊಂಡರೆ ತೊಂದರೆ. ಚಿತ್ರ ಬರೆಯುವಾಗ ಈ ಓಲಾಟ ಒಂದೇ ಗಂಟೆಯಲ್ಲಿ ಎಷ್ಟೋ ಸಲ ನಡೆಯುತ್ತದೆ. ಕಿವಿಯ ಮಡಿಕೆ ನೋಡಿ ಗಂಟಲು ಕಟ್ಟುತ್ತದೆ. ಮರುಕ್ಷಣ ಕಂದು ಬಣ್ಣ ಜಾಸ್ತಿ ನೀರಾಯಿತು ಅಂತ ಬಟ್ಟೆ ಹುಡುಕುತ್ತೀರಿ.

ಇಂಗ್ಲೆಂಡಿನ ದೊಡ್ಡ ಕಲಾವಿದ ಡೇವಿಡ್ ಹಾಕ್ನಿ ಕೂಡ ಇದೇ ದಾರಿಯಲ್ಲಿ ಹೋದವರು. 1994ರಲ್ಲಿ ಅವರ ಆಪ್ತ ಗೆಳೆಯ ಹೆನ್ರಿ ಗೆಲ್ಡ್‌ಜಾಲರ್ ತೀರಿಕೊಂಡರು. 1995ರಲ್ಲಿ ಹಾಕ್ನಿ ಕೂತು ಬರೆದದ್ದು ತಮ್ಮ ಎರಡು ಡ್ಯಾಶ್‌ಹೂಂಡ್ ನಾಯಿಗಳನ್ನು, ಸ್ಟ್ಯಾನ್ಲಿ ಮತ್ತು ಬೂಜಿ. ಮಲಗಿದ ನಾಯಿ, ಹೊರಳಿದ ನಾಯಿ, ಒಂದರ ಮೇಲೊಂದು ತಲೆ ಇಟ್ಟ ನಾಯಿ. ನಾಯಿಗಳು ಹೇಳಿದಂತೆ ಕೂರುವುದಿಲ್ಲವಾದ್ದರಿಂದ ಮನೆಯಲ್ಲಿ ಅಲ್ಲಲ್ಲಿ ಕಾಗದ ಬಿಟ್ಟಿರುತ್ತಿದ್ದರು. ತಗ್ಗಿನ ಈಸೆಲ್ (ಚಿತ್ರ ನಿಲ್ಲಿಸುವ ಸ್ಟ್ಯಾಂಡು) ಹಾಕಿ, ಬಣ್ಣವನ್ನು ಸದಾ ತಯಾರು ಇಟ್ಟುಕೊಂಡಿರುತ್ತಿದ್ದರು. ಆ ಚಿತ್ರಗಳಲ್ಲಿ ಗೆಳೆಯ ಎಲ್ಲೂ ಇಲ್ಲ. ನಾಯಿ, ದಿಂಬು, ಬಣ್ಣ, ಅಷ್ಟೇ. ಹಾಗಂತ ಅವರು ಗೆಳೆಯನಿಗೆ ದ್ರೋಹ ಮಾಡಿದರು ಅಂತ ಯಾರೂ ಅನ್ನಲಿಲ್ಲ. ನೀವೂ ಹಾಕ್ನಿಯ ಒಂದು ಉಪಾಯ ಎರವಲು ಪಡೆಯಿರಿ. ಚಿತ್ರದ ಸಾಮಾನನ್ನು ಜಗಲಿಯಲ್ಲೇ, ಎತ್ತಿಡದೆ ಬಿಡಿ. ಮನಸ್ಸಾದಾಗ ಹತ್ತು ನಿಮಿಷ ಕೂರಲು ಆಗಬೇಕು. ಪೆಟ್ಟಿಗೆಯಿಂದ ತೆಗೆಯಬೇಕು ಅಂದರೆ ಆ ಹತ್ತು ನಿಮಿಷ ಅದರಲ್ಲೇ ಹೋಗುತ್ತದೆ.

ಕೈಯ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಮುಂದಿನ ಚಿತ್ರಕ್ಕೆ ದೊಡ್ಡ ಹಾಳೆ ತೆಗೆದುಕೊಳ್ಳಿ. ಕತ್ತಿನ ಬಲಗಡೆ ಜಾಗ ಬಿಡಿ. ಕೈ ಬರೆಯಬೇಡಿ. ಹೊರಗೆರೆ ಹಾಕುವಾಗ ಕೈ ಇದ್ದ ಜಾಗದಲ್ಲಿ ಕೂದಲು ತುಂಬದೆ, ಹಾಳೆಯನ್ನು ಖಾಲಿ ಇಡಿ. ಇನ್ನೊಂದು ದಿನ ಬೇಕೆನ್ನಿಸಿದರೆ ಅಲ್ಲಿ ಕೈ ಬರೆಯಬಹುದು. ಬೇಡ ಅನ್ನಿಸಿದರೆ ಖಾಲಿಯೇ ಇರಲಿ. ವರ್ಷಾಂತಿಕದೊಳಗೆ ಮುಗಿಸಬೇಕು ಅಂತ ಗಡುವು ಹಾಕಿಕೊಳ್ಳಬೇಡಿ. ಕೈ ಬರೆಯುವ ದಿನ ಬಂದರೆ ಒಂದು ಮಾತು: ತೋಟದ ಕೆಲಸದವರ ಕೈಯನ್ನು ನುಣ್ಣಗೆ ಬರೆಯುವವರೇ ಜಾಸ್ತಿ. ಅಡಿಕೆ ಚೊಗರಿನ ಕಪ್ಪು ಉಗುರಿನ ಸುತ್ತ ಇರುತ್ತದಲ್ಲ, ಅದನ್ನು ಬಿಡಬೇಡಿ.

ಎಷ್ಟು ದಿನ ಅಳಬಹುದು ಅಂತಲೂ ಕೇಳಿದ್ದೀರಿ. ಅಳುವುದು ಕಾಯಿಲೆ ಅಲ್ಲ. ದೀರ್ಘಕಾಲದ ದುಃಖವನ್ನು ಚಿಕಿತ್ಸೆ ಬೇಕಾದ ಸ್ಥಿತಿ ಅಂತ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಕನಿಷ್ಠ 6 ತಿಂಗಳು, ಅಮೆರಿಕದ ಮನೋವೈದ್ಯರ 2022ರ ಕೈಪಿಡಿ 12 ತಿಂಗಳು ಆಗಿರಬೇಕು ಅನ್ನುತ್ತವೆ. ಬರೀ ತಿಂಗಳ ಲೆಕ್ಕ ಸಾಲದು. ದಿನದ ಹೆಚ್ಚು ಹೊತ್ತು ಅದೇ ಹಂಬಲ, ಬದುಕೇ ನಿಂತುಹೋದ ಹಾಗೆ ಇರಬೇಕು. ನೀವು ತೋಟ ನೋಡುತ್ತಿದ್ದೀರಿ, ಅಮ್ಮನನ್ನು ನೋಡಿಕೊಳ್ಳುತ್ತಿದ್ದೀರಿ, ಚಿತ್ರ ಬರೆಯುತ್ತಿದ್ದೀರಿ. ನನಗೆ ಸದ್ಯಕ್ಕೆ ಚಿಂತೆ ಕಾಣುವುದಿಲ್ಲ. ಆದರೆ ನಿದ್ದೆ ಊಟ ಕೆಟ್ಟು ವಾರಗಟ್ಟಲೆ ಹಾಗೇ ಇದ್ದರೆ, ಚಿತ್ರವನ್ನೂ ಬಿಟ್ಟು ಸುಮ್ನೆ ಗೋಡೆ ನೋಡುತ್ತಾ ಕೂರುವಂತಾದರೆ ತಡ ಮಾಡಬೇಡಿ. ನಾನೂ ಹೋಗಿಬಿಟ್ಟರೆ ಚೆನ್ನಾಗಿತ್ತು ಅನ್ನುವ ಯೋಚನೆ ಬಂದರಂತೂ ಅದೇ ದಿನ ಯಾರಿಗಾದರೂ ಹೇಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಪಕ್ಕದ ಮನೆಯವರ ನಾಯಿ. ಬರೆದುಕೊಡಿ, ದುಡ್ಡೂ ತೆಗೆದುಕೊಳ್ಳಿ. ಬೇರೆಯವರ ನಾಯಿ ಬರೆಯುವಾಗ ನಿಮ್ಮ ಕೈ ಸಡಿಲವಾಗುತ್ತದೆ, ಕೆಂಚನ ಚಿತ್ರಕ್ಕೆ ಅದರಿಂದ ಸಹಾಯವೇ ಆಗುತ್ತದೆ. ಆದರೆ ಕೆಲವು ಕಟ್ಟುಪಾಡು ಇರಲಿ. ಮೂರು ಫೋಟೋ ಕೇಳಿ, ಒಂದಾದರೂ ನಾಯಿಯ ಎತ್ತರದಿಂದ ತೆಗೆದದ್ದಿರಬೇಕು. ಅದು ಎಲ್ಲಿ ಮಲಗುತ್ತಿತ್ತು, ಯಾರನ್ನು ಕಂಡರೆ ಬೊಗಳುತ್ತಿತ್ತು ಅಂತ ಕೇಳಿ ಬರೆದುಕೊಳ್ಳಿ. ಭಂಗಿ ಅದರಲ್ಲೇ ಸಿಗುತ್ತದೆ. ಚಿರತೆ ಹೊತ್ತೊಯ್ದ ನಾಯಿ ಅಂತ ಬರೆದಿದ್ದೀರಿ. ಆ ರಾತ್ರಿಯ ಕಥೆಯನ್ನು ಅವರಾಗಿ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ. ರೆಕ್ಕೆ, ಪ್ರಭಾವಳಿ, ಮೋಡ ಹಾಕಿಕೊಡಿ ಅಂದರೆ ನಯವಾಗಿ ಬೇಡ ಅನ್ನಿ. ಆಗ ನಾಯಿ ಹೋಗಿ ಕ್ಯಾಲೆಂಡರ್ ಆಗಿಬಿಡುತ್ತದೆ. ಮೊದಲು ಪೆನ್ಸಿಲ್ ಗೆರೆ ತೋರಿಸಿ ಒಪ್ಪಿಗೆ ಪಡೆಯಿರಿ. ಕತ್ತಿನ ಪಟ್ಟಿಯ ಬಣ್ಣ ಎರಡು ಸಲ ಕೇಳಿ, ಜನ ನೆರಳು ಬೆಳಕಿನ ತಪ್ಪು ಕ್ಷಮಿಸುತ್ತಾರೆ, ಪಟ್ಟಿಯ ಬಣ್ಣ ತಪ್ಪಿದರೆ ಕ್ಷಮಿಸುವುದಿಲ್ಲ. ಕಾಗದ, ಬಣ್ಣದ ಖರ್ಚು ಬೇರೆ ಹಿಡಿದು, ಕೂತ ಗಂಟೆಗೆ ಇಷ್ಟು ಅಂತ ಲೆಕ್ಕ ಹಾಕಿ. ಅರ್ಧ ಮುಂಗಡ ತೆಗೆದುಕೊಳ್ಳಿ. ಫ್ರೇಮು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡಿನ ಅಂಚು ಕೊಡಿಸಲು ಹೇಳಿ, ಇಲ್ಲದಿದ್ದರೆ ಎರಡನೇ ಮಳೆಗಾಲಕ್ಕೆ ಬೂಷ್ಟು ಬಂದು ಅವರು ನಿಮ್ಮ ಬಾಗಿಲಿಗೇ ಬರುತ್ತಾರೆ.